ಬ್ಲೇಡ್ ನಿಂತಿರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ: ಬೂಮ್ ಮೋವರ್ ಡ್ರೈವರ್‌ನ ಬಹಿರಂಗ ಪತ್ರ

ರಸ್ತೆ ಬದಿಯ ಹುಲ್ಲು, ಪೊದೆ ಕತ್ತರಿಸುವ ಕೆಲಸ ಮಂಜೂರು ಮಾಡುವ ಅಧಿಕಾರಿಗಳಿಗೆ, ಆ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ, ನಮ್ಮ ಗಾಡಿಯ ಪಕ್ಕದಲ್ಲೇ ದಿನಾ ಓಡಾಡುವ ಎಲ್ಲರಿಗೂ ನಮಸ್ಕಾರ.

ನಾನು ಹನ್ನೊಂದು ವರ್ಷದಿಂದ ಬೂಮ್ ಮೋವರ್ ಓಡಿಸುತ್ತಿದ್ದೇನೆ. ಈ ಯಂತ್ರವನ್ನು ನೀವು ನೋಡಿರುತ್ತೀರಿ, ಹೆಸರು ಗೊತ್ತಿಲ್ಲದೆ ಇರಬಹುದು. ಟ್ರ್ಯಾಕ್ಟರಿನ ಪಕ್ಕಕ್ಕೆ ಉದ್ದನೆಯ ಕಬ್ಬಿಣದ ತೋಳು ಚಾಚಿಕೊಂಡಿರುತ್ತದೆ. ಅದೇ ಬೂಮ್. ಅದರ ತುದಿಯಲ್ಲಿ ಕಟರ್ ಹೆಡ್ ಇರುತ್ತದೆ, ಹೆಡ್ ಒಳಗೆ ಬ್ಲೇಡುಗಳು ತಿರುಗುತ್ತಿರುತ್ತವೆ. ಚರಂಡಿ ಏರಿ, ಇಳಿಜಾರು, ತಡೆಗಂಬಿಯ ಆಚೆಗಿನ ಜಾಗ, ರಸ್ತೆಗೆ ಬಾಗಿದ ಕೊಂಬೆ, ಮನುಷ್ಯ ಸುಲಭಕ್ಕೆ ಹೋಗಲಾರದ ಕಡೆಗೆಲ್ಲ ಈ ತೋಳು ಹೋಗುತ್ತದೆ. ಐದಾರು ಮೀಟರ್ ಚಾಚುವುದು ಸಾಮಾನ್ಯ. ಇನ್ನೂ ಉದ್ದದವೂ ಇವೆ.

ದಿನಾ ಸಂಜೆ ನನಗೊಂದು ಫೋನ್ ಬರುತ್ತದೆ. "ಇವತ್ತು ಎಷ್ಟು ಕಿಲೋಮೀಟರ್ ಆಯ್ತು?" ಇಷ್ಟೇ ಪ್ರಶ್ನೆ. ಹನ್ನೊಂದು ವರ್ಷದಲ್ಲಿ ಕೆಲಸ ಕೊಟ್ಟವರು ಬದಲಾಗಿದ್ದಾರೆ, ಪ್ರಶ್ನೆ ಬದಲಾಗಿಲ್ಲ. ಎಷ್ಟು ಸಲ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಹುಲ್ಲಿನೊಳಗೆ ಏನು ಸಿಕ್ಕಿತು ಅಂತ ಒಬ್ಬರೂ ಕೇಳಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಯ ಸಲುವಾಗಿ. ಈ ಕೆಲಸದಲ್ಲಿ ಜೀವ ಉಳಿಸುವ ಕೆಲಸಗಳೆಲ್ಲ ಬ್ಲೇಡ್ ತಿರುಗದೆ ಇರುವ ಹೊತ್ತಿನಲ್ಲಿ ಆಗುತ್ತವೆ. ನೀವು ದುಡ್ಡು ಕೊಡುವುದು ಬ್ಲೇಡ್ ತಿರುಗಿದ ದೂರಕ್ಕೆ ಮಾತ್ರ. ಅಪಘಾತಕ್ಕೆ ದಾರಿ ಆಗುತ್ತಿರುವುದು ಇಲ್ಲೇ.

ನಾನೀಗ ಓಡಿಸುವ ಟ್ರ್ಯಾಕ್ಟರಿನಲ್ಲಿ, ತೋಳು ಇರುವ ಕಡೆಯ ಕಿಟಕಿಯಲ್ಲಿ ಒಂದು ಗುರುತು ಇದೆ. ಹೆಬ್ಬೆರಳ ಉಗುರಿನಷ್ಟು ಅಗಲ, ಬೆಳ್ಳಗೆ ಗುಳಿ ಬಿದ್ದಿದೆ. ಬೆರಳಿಟ್ಟರೆ ಒಳಗಡೆಯಿಂದಲೂ ಉಬ್ಬು ಗೊತ್ತಾಗುತ್ತದೆ. ಸೀಟಿನಲ್ಲಿ ಕೂತರೆ ಆ ಗುಳಿ ಸರಿಯಾಗಿ ನನ್ನ ಕಿವಿಯ ಮಟ್ಟಕ್ಕೆ ಬರುತ್ತದೆ. ಒಂದು ಸಣ್ಣ ಜಲ್ಲಿ ಕಲ್ಲು ಬಡಿದು ಆದ ಗುರುತು ಅದು. ಬಡಿದಾಗ ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಆ ಕಿಟಕಿ ಗಾಜಿನದ್ದಾಗಿರಲಿಲ್ಲ, ದಪ್ಪನೆಯ ಪಾಲಿಕಾರ್ಬೊನೇಟ್ ಹಾಳೆಯದ್ದು, ಅಂದರೆ ಗಾಜಿನ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್. ಅದಕ್ಕೇ ಇವತ್ತು ಕೂತು ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಮೂರು ವರ್ಷ ಓಡಿಸಿದ ಗಾಡಿಯಲ್ಲಿ ಬರೀ ಸಾದಾ ಗಾಜಿತ್ತು. ಆ ಮೂರು ವರ್ಷ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಕಲ್ಲಿಗೆ ಅಷ್ಟು ವೇಗ ಎಲ್ಲಿಂದ ಬಂತು ಅಂದರೆ, ರೋಟರಿ ಹೆಡ್ಡಿನಲ್ಲಿ ಬ್ಲೇಡಿನ ತುದಿ ಸೆಕೆಂಡಿಗೆ 60 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ವೇಗದಲ್ಲಿ ಸುತ್ತುತ್ತದೆ. ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ಆ ತುದಿಗೆ ಸಿಕ್ಕಿದ ಕಲ್ಲು, ಬಾಟಲಿ ಚೂರು, ತಂತಿ ತುಂಡು, ಕಬ್ಬಿಣದ ಬೋಲ್ಟ್, ಯಾವುದಾದರೂ ಅಷ್ಟೇ, ಕವಣೆ ಕಲ್ಲಾಗುತ್ತದೆ. ಹಾರಿದ ವಸ್ತು 100 ಮೀಟರ್ ಅಥವಾ ಅದಕ್ಕಿಂತ ದೂರ ಹೋಗಬಹುದು. ಹಾಗಾಗಿಯೇ ಯಂತ್ರ ತಯಾರಿಸುವವರು ಕೈಪಿಡಿಯಲ್ಲಿ ಸುಮಾರು 100 ಮೀಟರ್ ಒಳಗೆ ಯಾರಾದರೂ ಬಂದರೆ ಕತ್ತರಿಸುವುದನ್ನು ನಿಲ್ಲಿಸಬೇಕು ಅಂತ ಬರೆದಿರುತ್ತಾರೆ.

ಈಗ ಆ ಮಾತನ್ನು ರಸ್ತೆಯ ಮೇಲೆ ಇಟ್ಟು ನೋಡೋಣ. ನಾನು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೇನೆ. ಹಿಂದಿನಿಂದ ಒಂದು ಕಾರು 80ರಲ್ಲಿ ಬರುತ್ತದೆ. ನನ್ನಿಂದ 100 ಮೀಟರ್ ದೂರ ಇದ್ದ ಕಾರು 5 ಸೆಕೆಂಡ್ ಒಳಗೆ ನನ್ನ ಪಕ್ಕ ಇರುತ್ತದೆ. ಕನ್ನಡಿಯಲ್ಲಿ ಅದನ್ನು ನೋಡಿ, ಕೈ ಲಿವರಿಗೆ ಹೋಗಿ, ಡ್ರೈವ್ ಆಫ್ ಮಾಡಿದರೂ ಬ್ಲೇಡ್ ಆ ಕ್ಷಣಕ್ಕೆ ನಿಲ್ಲುವುದಿಲ್ಲ. ಬ್ಲೇಡುಗಳನ್ನು ಹೊತ್ತು ತಿರುಗುವ ತೂಕದ ಭಾಗ, ಅಂದರೆ ರೋಟರ್, ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಕೆಲವು ಯಂತ್ರಗಳಲ್ಲಿ ಪೂರ್ತಿ ನಿಲ್ಲಲು ನಿಮಿಷಗಳೇ ಬೇಕು. ಅಂದಮೇಲೆ ವಾಹನ ಓಡಾಡುವ ರಸ್ತೆಯಲ್ಲಿ ಆ ನಿಯಮವನ್ನು ಡ್ರೈವರ್ ಒಬ್ಬನೇ ಪಾಲಿಸಲು ಆಗುವುದಿಲ್ಲ, ಅಲ್ವಾ? ಪಾಲಿಸಬೇಕು ಅಂದರೆ ರಸ್ತೆಯ ಮೇಲೆ ಬೇರೆ ಜನ ಬೇಕು, ಬೇರೆ ಗಾಡಿ ಬೇಕು. ಮುಂದೆ ಸಾಕಷ್ಟು ದೂರದಲ್ಲಿ ಫಲಕ, ಹಿಂದೆ ದೀಪ ಮಿನುಗಿಸುವ ಕಾವಲು ಗಾಡಿ, ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಒಬ್ಬರು. ವಾಹನ ಹೆಚ್ಚಿರುವ ಕಡೆ ಪಕ್ಕದ ಲೇನ್ ಸ್ವಲ್ಪ ಹೊತ್ತು ಮುಚ್ಚಬೇಕಾಗುತ್ತದೆ.

ಇದನ್ನೆಲ್ಲ ಕೊಡದೆ "ಜಾಗ್ರತೆಯಾಗಿ ಓಡಿಸು" ಅಂತ ಹೇಳಿ ಕಳಿಸಿದರೆ ಏನರ್ಥ? ಆ ಮಾತನ್ನು ಹೇಳಿಸಿಕೊಂಡು ನನಗೆ ಸಾಕಾಗಿದೆ. ಜಾಗ್ರತೆ ನನ್ನಲ್ಲಿ ಇದೆ. ಕಾವಲು ಗಾಡಿ ಇಲ್ಲ.

ಕಲ್ಲು ಹಾರದಂತೆ ತಡೆಯಲು ಯಂತ್ರದಲ್ಲೇ ವ್ಯವಸ್ಥೆ ಇದೆ. ಹೆಡ್ಡಿನ ಮುಂದೆ ಹಿಂದೆ ಸರಪಳಿ ತುಂಡುಗಳು ಒತ್ತಾಗಿ ನೇತಾಡುತ್ತಿರುತ್ತವೆ, ಇಲ್ಲವೇ ದಪ್ಪ ರಬ್ಬರ್ ಪಟ್ಟಿ ಇರುತ್ತದೆ. ಹಾರಿದ್ದನ್ನು ಅಲ್ಲೇ ಹಿಡಿದು ಕೆಳಗೆ ಕೆಡವುವುದು ಅವುಗಳ ಕೆಲಸ. ಆದರೆ ಅವು ಸವೆಯುತ್ತವೆ, ಹರಿಯುತ್ತವೆ, ಪೊದೆಗೆ ಸಿಕ್ಕಿ ಕಿತ್ತುಹೋಗುತ್ತವೆ. ಇಪ್ಪತ್ತು ಸರಪಳಿ ಇರಬೇಕಾದ ಕಡೆ ಹನ್ನೆರಡು ಉಳಿದಿರುವ ಹೆಡ್ಡುಗಳನ್ನು ನಾನೇ ಓಡಿಸಿದ್ದೇನೆ. ಕೇಳಿದರೆ "ಮುಂದಿನ ವಾರ ಹಾಕಿಸೋಣ" ಅನ್ನುತ್ತಿದ್ದರು. ದಟ್ಟ ಪೊದೆ ಒಳಗೆ ಸಲೀಸಾಗಿ ಹೋಗಲಿ ಅಂತ ಕೆಲವರು ಬೇಕಂತಲೇ ಬಿಚ್ಚಿಟ್ಟಿರುವುದನ್ನೂ ನೋಡಿದ್ದೇನೆ. ದಯವಿಟ್ಟು ಅಂತಹ ಗಾಡಿಯನ್ನು ರಸ್ತೆಗೆ ಬಿಡಬೇಡಿ. ಪಾಲಿಕಾರ್ಬೊನೇಟ್ ಕಿಟಕಿಯದ್ದೂ ಇದೇ ಕಥೆ. ಬಿಸಿಲಿಗೆ ಅದು ಹಳದಿಯಾಗುತ್ತದೆ, ಪೆಡಸಾಗಿ ಸುಲಭಕ್ಕೆ ಬಿರುಕು ಬಿಡುತ್ತದೆ. ಪೆಟ್ರೋಲು, ತಿನ್ನರ್ ಹಾಕಿ ಒರೆಸಿದರೆ ಬಲ ಕಳೆದುಕೊಳ್ಳುತ್ತದೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಒಮ್ಮೆ ಹಾಕಿಸಿದರೆ ಜೀವಮಾನ ಇರುತ್ತದೆ ಅಂತ ತಿಳಿದುಕೊಳ್ಳಬೇಡಿ.

ಹೆಡ್ಡನ್ನು ಹೇಗೆ ಹಿಡಿಯುತ್ತೇವೆ ಅನ್ನುವುದರ ಮೇಲೂ ತುಂಬಾ ನಿಂತಿದೆ. ನೆಲಕ್ಕೆ ಹತ್ತಿರ, ಸಪಾಟಾಗಿ ಹಿಡಿದರೆ ಹಾರುವುದು ಕಡಿಮೆ. ಕೊಂಬೆ ಕತ್ತರಿಸಲು ಮೇಲಕ್ಕೆತ್ತಿ ವಾಲಿಸಿದಾಗ ಬ್ಲೇಡಿನ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿ ರಸ್ತೆಯ ಕಡೆಗೋ ಮನೆಯ ಕಡೆಗೋ ತಿರುಗಿದ್ದರೆ ಮುಗಿಯಿತು. ಸರಪಳಿ, ರಬ್ಬರ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ತಿರುಗುತ್ತಿರುವ ಹೆಡ್ಡನ್ನು ಎತ್ತಿಕೊಂಡೇ ಒಂದು ಪೊದೆಯಿಂದ ಇನ್ನೊಂದಕ್ಕೆ ಹೋಗುವ ಅಭ್ಯಾಸ ನಮ್ಮವರಲ್ಲಿ ಇದೆ. ನನಗೂ ಇತ್ತು. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಹೊತ್ತು ಹೋಗುತ್ತದೆ, ಸಂಜೆ ಫೋನ್ ಬಂದಾಗ ಕಿಲೋಮೀಟರ್ ಕಡಿಮೆ ಆಗಿರುತ್ತದೆ. ಆ ಅಭ್ಯಾಸ ಹುಟ್ಟಿದ್ದೇ ಹಾಗೆ.

ನಿಮ್ಮ ಹತ್ತಿರ ನಾನು ಮುಖ್ಯವಾಗಿ ಕೇಳಿಕೊಳ್ಳುವುದು ಒಂದು. ಕತ್ತರಿಸುವ ಮೊದಲು ಆ ದಾರಿಯನ್ನು ನಡೆದು ನೋಡಲು ಸಮಯ ಕೊಡಿ.

ಮೇಲಿನಿಂದ ನೋಡಿದರೆ ಹುಲ್ಲು ಹಸಿರಾಗಿ ಒಂದೇ ಸಮ ಕಾಣುತ್ತದೆ. ಒಳಗೆ ಇಳಿದು ಕಾಲಲ್ಲಿ ಸರಿಸುತ್ತಾ ಹೋದರೆ ಏನೆಲ್ಲ ಸಿಗುತ್ತದೆ ಗೊತ್ತಾ? ಒಡೆದ ಟೈರ್, ಟೈರಿನೊಳಗಿನ ತಂತಿ, ಬಾಟಲಿ, ಗಾಡಿಯಿಂದ ಕಳಚಿ ಬಿದ್ದ ಲೋಹದ ತುಂಡು, ಮುರಿದ ಫಲಕದ ಕಂಬದ ಬುಡ, ಮೋರಿಯ ಸಿಮೆಂಟ್ ಅಂಚು, ಮುಚ್ಚಳ ಇಲ್ಲದ ಗುಂಡಿ. ಕಂಬದ ಬುಡ ತೀರಾ ಕೆಟ್ಟದ್ದು. ಮೇಲಿನ ಭಾಗ ಯಾವತ್ತೋ ಮುರಿದುಹೋಗಿರುತ್ತದೆ, ಗೇಣುದ್ದ ಕಬ್ಬಿಣ ಹುಲ್ಲಿನೊಳಗೆ ನೆಟ್ಟಗೆ ನಿಂತಿರುತ್ತದೆ. ಬ್ಲೇಡ್ ಅದಕ್ಕೆ ಬಡಿದರೆ ಬ್ಲೇಡೇ ತುಂಡಾಗಿ ಹಾರಬಹುದು.

ಎಲ್ಲಕ್ಕಿಂತ ನನಗೆ ಭಯ ಇರುವುದು ತಂತಿಯದ್ದು. ನಾಲ್ಕು ವರ್ಷದ ಹಿಂದೆ ಒಂದು ದಿನ ಹೆಡ್ಡಿನಿಂದ ಚಾಟಿ ಬೀಸಿದ ಹಾಗೆ ಸದ್ದು ಬರತೊಡಗಿತು. ನಿಲ್ಲಿಸಿ, ಹೆಡ್ ನೆಲಕ್ಕಿಳಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಹೋಗಿ ನೋಡಿದೆ. ಹಳೆಯ ಬೇಲಿ ತಂತಿ ರೋಟರಿಗೆ ಸುತ್ತಿಕೊಂಡಿತ್ತು, ದಾರದ ಉಂಡೆಗೆ ದಾರ ಸುತ್ತಿದ ಹಾಗೆ. ಎರಡು ತುದಿ ಮಾತ್ರ ಹೊರಗೆ ಉಳಿದಿದ್ದವು, ಒಂದೊಂದೂ ಮೊಳದುದ್ದ. ರಬ್ಬರ್ ಪಟ್ಟಿಯನ್ನು ಆ ತುದಿಗಳು ಬ್ಲೇಡಿನಿಂದ ಸೀಳಿದ ಹಾಗೆ ಸೀಳಿಬಿಟ್ಟಿದ್ದವು. ನಾನು ಇನ್ನೊಂದು ನಿಮಿಷ ಓಡಿಸಿದ್ದರೆ ತಂತಿ ತುಂಡಾಗಿ ಯಾವ ಕಡೆ ಹೋಗುತ್ತಿತ್ತೋ. ಕಟರ್ ಹಿಡಿದು ಒಂದೊಂದೇ ಸುತ್ತು ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಸುತ್ತಿಕೊಂಡ ತಂತಿ ಬಿಗಿಯಾಗಿರುತ್ತದೆ, ಕತ್ತರಿಸಿದ ಕೂಡಲೇ ಪಟ್ಟಂತ ಬಿಚ್ಚಿಕೊಂಡು ಮುಖಕ್ಕೆ ಬರುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಕೈ ಹಾಕುವ ಕೆಲಸ ಅಲ್ಲ ಅದು.

ಅವತ್ತು ಸಂಜೆ ಆ ಒಂದೂವರೆ ಗಂಟೆಯನ್ನು ನನ್ನ ಕೂಲಿಯಿಂದ ಹಿಡಿದುಕೊಂಡರು. "ಗಾಡಿ ನಿಂತಿತ್ತಲ್ಲ" ಅಂದರು. ಅದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಮುಂದಿನ ಸಲ ಅಂತಹ ಸದ್ದು ಬಂದಾಗ ಒಬ್ಬ ಹೊಸ ಹುಡುಗ ಏನು ಮಾಡುತ್ತಾನೆ, ಹೇಳಿ? ನಿಲ್ಲಿಸಿದರೆ ಕೂಲಿ ಹೋಗುತ್ತದೆ ಅಂತ ಗೊತ್ತಿದ್ದರೆ ಅವನು ನಿಲ್ಲಿಸುವುದಿಲ್ಲ.

ನಡೆದು ನೋಡುವುದು ದೊಡ್ಡ ಕೆಲಸವೇನಲ್ಲ. ಇಬ್ಬರು, ಒಂದು ಚೀಲ, ಒಂದು ಕೊಕ್ಕೆ ಕೋಲು, ಒಂದಷ್ಟು ಬಣ್ಣದ ಪಟ್ಟಿ. ಎತ್ತಬಹುದಾದ್ದನ್ನು ಎತ್ತಿ ಚೀಲಕ್ಕೆ ಹಾಕುತ್ತಾರೆ. ಎತ್ತಲಾಗದ್ದಕ್ಕೆ, ಅಂದರೆ ಕಂಬದ ಬುಡ, ಮೋರಿ ಅಂಚು, ಗುಂಡಿಗೆ, ಎದ್ದು ಕಾಣುವ ಹಾಗೆ ಪಟ್ಟಿ ಕಟ್ಟುತ್ತಾರೆ. ಹುಲ್ಲು ಸೊಂಟದೆತ್ತರ ಬೆಳೆದುಬಿಟ್ಟರೆ ನಡೆದು ನೋಡುವುದೂ ಕಷ್ಟ. ಅದಕ್ಕೇ ವರ್ಷಕ್ಕೊಂದು ಸಲ ದಟ್ಟ ಕಾಡು ಬೆಳೆಯಲು ಬಿಟ್ಟು ಕತ್ತರಿಸುವುದಕ್ಕಿಂತ, ಮೊದಲೇ ಎತ್ತರ ಕಡಿಮೆ ಇರುವಾಗ ಕತ್ತರಿಸುವುದು ಒಳ್ಳೆಯದು. ತೀರಾ ಬೆಳೆದಿದ್ದರೆ ಮೊದಲು ಹೆಡ್ ಎತ್ತರಿಸಿಕೊಂಡು ಒಂದು ಸಲ ಮೇಲಿನದ್ದನ್ನು ಕತ್ತರಿಸಿ, ಕೆಳಗೆ ಏನಿದೆ ಅಂತ ನೋಡಿ, ಆಮೇಲೆ ಎರಡನೇ ಸಲ ಕೆಳಗಿಳಿಸಬೇಕು. ಹಾಗೆ ಮಾಡಿದಾಗ ಒಂದೇ ಕಿಲೋಮೀಟರನ್ನು ಎರಡು ಸಲ ಓಡಿಸಿದಂತಾಗುತ್ತದೆ. ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರಲಿ.

ನಡೆಯುವಾಗ ತಲೆ ಎತ್ತಿಯೂ ನೋಡಬೇಕು. ಮೇಲೆ ಕರೆಂಟ್ ತಂತಿ ಇರುತ್ತದೆ. ಮಡಚಿದ ತೋಳು ಟ್ರ್ಯಾಕ್ಟರಿಗಿಂತ ಎತ್ತರ ಇರುತ್ತದೆ, ಬಿಚ್ಚುವಾಗ ಮಡಚುವಾಗ ಇನ್ನೂ ಮೇಲೆ ಹೋಗುತ್ತದೆ. ಡ್ರೈವರಿನ ಕಣ್ಣು ಆಗ ಹೆಡ್ಡಿನ ಮೇಲೆ ಇರುತ್ತದೆ, ತೋಳಿನ ಮೊಣಕೈ, ಅಂದರೆ ಮಡಚುವ ಜಾಗ, ಎಲ್ಲಿ ಹೋಯಿತು ಅಂತ ಗಮನಕ್ಕೆ ಬರುವುದಿಲ್ಲ. 50,000 ವೋಲ್ಟ್‌ವರೆಗಿನ ತಂತಿಗೆ ಕಡಿಮೆ ಅಂದರೂ 3 ಮೀಟರ್ ದೂರ ಬಿಡಬೇಕು, ಅದಕ್ಕಿಂತ ಜಾಸ್ತಿ ವೋಲ್ಟೇಜಿಗೆ ಇನ್ನೂ ದೂರ. ಅಕಸ್ಮಾತ್ ತಾಗಿದರೆ ಏನು ಮಾಡಬೇಕು ಅನ್ನುವುದನ್ನು ಪ್ರತಿಯೊಬ್ಬ ಡ್ರೈವರಿಗೂ, ಹೆಲ್ಪರಿಗೂ ಬಾಯಿಪಾಠ ಮಾಡಿಸಿ. ಕ್ಯಾಬಿನ್ ಬಿಟ್ಟು ಇಳಿಯಬಾರದು. ಹೊರಗಿದ್ದವರು ಗಾಡಿಯ ಹತ್ತಿರ ಬರಬಾರದು. ವಿದ್ಯುತ್ ಇಲಾಖೆಯವರು ಲೈನ್ ಆಫ್ ಮಾಡಿದ್ದೇವೆ ಅಂತ ಖಚಿತವಾಗಿ ಹೇಳುವವರೆಗೂ ಒಳಗೇ ಕೂತಿರಬೇಕು. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಗಾಡಿಯಿಂದ ದೂರಕ್ಕೆ ಹಾರಬೇಕು. ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೆ ಕಾಲು ಜೋಡಿಸಿಕೊಂಡೇ ಕುಪ್ಪಳಿಸುತ್ತಾ ದೂರ ಹೋಗಬೇಕು. ಹೆಜ್ಜೆ ಅಗಲ ಮಾಡಿದರೆ ನೆಲದೊಳಗಿನ ಕರೆಂಟು ಒಂದು ಕಾಲಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ.

ಗಾಡಿ ಮಗುಚುವ ಮಾತಿಗೆ ಬರುತ್ತೇನೆ. ಸುಮ್ನೆ ಒಂದು ಲೆಕ್ಕ ಹಾಕೋಣ. 300 ಕಿಲೋ ತೂಕದ ಹೆಡ್ ಟ್ರ್ಯಾಕ್ಟರಿನ ಚಕ್ರದಿಂದ 5 ಮೀಟರ್ ಆಚೆ ಇದೆ ಅಂದುಕೊಳ್ಳಿ. ಅದನ್ನು ಸರಿದೂಗಿಸಲು ಚಕ್ರದಿಂದ 1 ಮೀಟರ್ ಈಚೆ 1,500 ಕಿಲೋ ತೂಕ ಬೇಕು. ಇದರಲ್ಲಿ ತೋಳಿನ ತೂಕ ಇನ್ನೂ ಸೇರಿಲ್ಲ. ಹಾಗಾಗಿಯೇ ಯಂತ್ರದ ಜೊತೆ ಇಷ್ಟು ತೂಕದ ಟ್ರ್ಯಾಕ್ಟರೇ ಬೇಕು, ಚಕ್ರಗಳ ನಡುವೆ ಇಷ್ಟು ಅಗಲ ಇರಬೇಕು, ಎದುರು ಬದಿಗೆ ಇಷ್ಟು ಭಾರ ಕಟ್ಟಬೇಕು ಅಂತ ಬರೆದು ಕೊಟ್ಟಿರುತ್ತಾರೆ. ತೋಳಿನ ಎದುರು ಬದಿಯ ಟೈರಿಗೆ ನೀರು ತುಂಬಿಸುವುದೂ ಇದೇ ಕಾರಣಕ್ಕೆ. ಕೈಗೆ ಸಿಕ್ಕಿದ ಚಿಕ್ಕ ಟ್ರ್ಯಾಕ್ಟರಿಗೆ ಉದ್ದದ ತೋಳು ಕೂರಿಸಿ ಕೆಲಸಕ್ಕೆ ಕಳಿಸುವುದು ಡ್ರೈವರಿನ ತಪ್ಪಾಗಲು ಸಾಧ್ಯವಿಲ್ಲ. ಆ ತೀರ್ಮಾನ ಆಫೀಸಿನಲ್ಲೇ ಆಗಿರುತ್ತದೆ.

ಇಳಿಜಾರಿನಲ್ಲಿ ತೋಳನ್ನು ಕೆಳಗಿನ ಕಡೆ ಚಾಚಿದಾಗ ಅಪಾಯ ತುಂಬಾ ಜಾಸ್ತಿ. ಮಳೆ ಬಂದು ಮೆತ್ತಗಾದ ರಸ್ತೆ ಅಂಚೂ ಹಾಗೇ, ಮೇಲೆ ಗಟ್ಟಿ ಕಾಣುತ್ತದೆ, ಚಕ್ರ ಹೋದ ಕೂಡಲೇ ಕುಸಿಯುತ್ತದೆ. ಹಳಬರು ನನಗೆ ಹೇಳಿಕೊಟ್ಟ ಲೆಕ್ಕ ಒಂದಿದೆ: ಚರಂಡಿ ಎಷ್ಟು ಆಳ ಇದೆಯೋ ಅಂಚಿನಿಂದ ಕಡಿಮೆ ಅಂದರೂ ಅಷ್ಟು ದೂರ ಚಕ್ರ ಇರಬೇಕು. ಎರಡು ಮೀಟರ್ ಆಳದ ಚರಂಡಿಗೆ ಎರಡು ಮೀಟರ್ ದೂರ. ದೂರ ಉಳಿಸಿಕೊಂಡು ತೋಳು ಚಾಚಲಿ ಅಂತ ತಾನೇ ಈ ಯಂತ್ರ ಮಾಡಿರುವುದು.

ಮಗುಚಿದಾಗ ಉಳಿಸುವುದು ಎರಡು: ತಲೆ ಮೇಲಿನ ಗಟ್ಟಿ ಕಬ್ಬಿಣದ ಚೌಕಟ್ಟು ಮತ್ತು ಸೀಟ್ ಬೆಲ್ಟ್. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಈ ಚೌಕಟ್ಟನ್ನು ಕಡ್ಡಾಯ ಮಾಡಿತು, ಮುಂದಿನ ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವವರು ತೀರಾ ಕಡಿಮೆಯಾದರು. ಅಮೆರಿಕದಲ್ಲಿ ಕೂಲಿಗೆ ಓಡಿಸುವವರ ಟ್ರ್ಯಾಕ್ಟರುಗಳಿಗೆ 1976ರಲ್ಲಿ ನಿಯಮ ಬಂತು. ಚೌಕಟ್ಟು ಇದ್ದು ಬೆಲ್ಟ್ ಹಾಕದಿದ್ದರೆ ಮಾತ್ರ ಮನುಷ್ಯ ಹೊರಗೆ ಎಸೆಯಲ್ಪಟ್ಟು ಅದೇ ಚೌಕಟ್ಟಿನ ಕೆಳಗೆ ಸಿಕ್ಕಿಕೊಳ್ಳಬಹುದು. ಡ್ರೈವರ್ ಅಣ್ಣತಮ್ಮಂದಿರೇ, ಈ ಒಂದು ಮಾತು ನಿಮಗೆ. ಪದೇ ಪದೇ ಇಳಿದು ಹತ್ತುವಾಗ ಬೆಲ್ಟ್ ಕಿರಿಕಿರಿ ಅನ್ನಿಸುತ್ತದೆ, ನನಗೆ ಗೊತ್ತು. ಆದರೂ ಹಾಕಿಕೊಳ್ಳಿ.

ಇನ್ನು ರಿಪೇರಿ. ಬ್ಲೇಡ್ ಬದಲಿಸುವುದು, ಪೈಪ್ ಬಿಗಿ ಮಾಡುವುದು, ಸಿಕ್ಕಿಕೊಂಡ ಕೊಂಬೆ ಎಳೆಯುವುದು, ಇವೆಲ್ಲ ರಸ್ತೆ ಬದಿಯಲ್ಲೇ ಗಡಿಬಿಡಿಯಲ್ಲಿ ಆಗುತ್ತವೆ. ಟ್ರ್ಯಾಕ್ಟರಿನ ಇಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ತಿರುಗುವ ಕಂಬಿ, ಅಂದರೆ ಪಿಟಿಒ ಶಾಫ್ಟ್, ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಅಂಗಿಯ ತುದಿ ಸಿಕ್ಕಿಕೊಂಡರೆ ಎಳೆದುಕೊಳ್ಳಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಗಾಡಿ ಹೊರಡಲೇಬಾರದು.

ತೋಳನ್ನು ಆಡಿಸುವ ಎಣ್ಣೆ ಹರಿಯುವ ಹೈಡ್ರಾಲಿಕ್ ಪೈಪಿನ ವಿಷಯ ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತು. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ 2 ಬಾರ್ ಚಿಲ್ಲರೆ ಇರುತ್ತದೆ. ಈ ಪೈಪುಗಳ ಒಳಗೆ ಎಣ್ಣೆ 150ರಿಂದ 200 ಬಾರ್ ಒತ್ತಡದಲ್ಲಿ ಓಡುತ್ತಿರುತ್ತದೆ. ಪೈಪಿಗೆ ಸೂಜಿ ಮೊನೆಯಷ್ಟು ತೂತು ಬಿದ್ದರೆ ಎಣ್ಣೆ ಕಣ್ಣಿಗೆ ಕಾಣದ ಹಾಗೆ ಚಿಮ್ಮುತ್ತದೆ. ಎಲ್ಲಿ ಸೋರುತ್ತಿದೆ ಅಂತ ಕೈಯಿಂದ ಸವರಿ ನೋಡಿದರೆ ಚರ್ಮ ತೂರಿಕೊಂಡು ಒಳಗೆ ಹೋಗಿಬಿಡುತ್ತದೆ. ಮೊದಲಿಗೆ ಇರುವೆ ಕಚ್ಚಿದಷ್ಟು ನೋವು, ಒಂದು ಕೆಂಪು ಚುಕ್ಕೆ. ಅಷ್ಟೇ ಅಂತ ಮನೆಗೆ ಹೋಗಿ ಮಲಗಿದರೆ ಬೆರಳೋ ಕೈಯೋ ಕಳೆದುಕೊಳ್ಳಬೇಕಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಅಂತ ಸ್ಪಷ್ಟವಾಗಿ ಹೇಳಬೇಕು, ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ ಅದು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು, ಎಣ್ಣೆ ಕಲೆ ಕಾಣುತ್ತದೆ. ನನ್ನ ಕ್ಯಾಬಿನ್ನಿನಲ್ಲಿ ಸೀಟಿನ ಹಿಂದೆ ಯಾವಾಗಲೂ ಒಂದು ರಟ್ಟು ಇರುತ್ತದೆ.

ಎತ್ತಿದ ತೋಳಿನ ಕೆಳಗೆ ಯಾರೂ ಹೋಗಬಾರದು. ಅದನ್ನು ಎತ್ತಿ ಹಿಡಿದಿರುವುದು ಎಣ್ಣೆಯ ಒತ್ತಡ ಮಾತ್ರ, ಪೈಪ್ ಒಡೆದರೆ ಇಡೀ ತೋಳು ಒಂದೇ ಸಲಕ್ಕೆ ಕೆಳಗೆ ಬೀಳಬಹುದು. ಕ್ರಮ ಹೀಗೆ: ಹೆಡ್ಡನ್ನು ನೆಲಕ್ಕೆ ಇಳಿಸು, ಡ್ರೈವ್ ಆಫ್ ಮಾಡು, ಇಂಜಿನ್ ಆಫ್ ಮಾಡು, ಕೀಲಿ ಜೇಬಿಗೆ ಹಾಕು, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾದುಕೋ. ಕಾಯುವುದೇ ಕಷ್ಟದ ಭಾಗ. ಇಂಜಿನ್ ಸದ್ದು ನಿಂತ ಕೂಡಲೇ ಎಲ್ಲವೂ ನಿಂತಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಹೆಡ್ಡಿನ ಒಳಗಿಂದ "ಸುಂಯ್" ಅಂತ ಸಣ್ಣ ಸದ್ದು ಬರುತ್ತಲೇ ಇರುತ್ತದೆ. ಆ ಸದ್ದು ತೆಳ್ಳಗಾಗುತ್ತಾ ಆಗುತ್ತಾ ಪೂರ್ತಿ ಇಲ್ಲವಾಗುವವರೆಗೆ ಸೀಟಿನಲ್ಲೇ ಕೂತಿರಬೇಕು. ದಿನಕ್ಕೆ ಎಂಟು ಹತ್ತು ಸಲ ಹೀಗೆ ಕಾಯಬೇಕಾಗುತ್ತದೆ. ಎಲ್ಲ ಸೇರಿಸಿದರೆ ಅರ್ಧ ಗಂಟೆ. ಈ ಅರ್ಧ ಗಂಟೆಯನ್ನೂ ಕೆಲಸ ಅಂತ ಬರೆದುಕೊಳ್ಳಿ ಅಂತಲೇ ನಾನು ಕೇಳುತ್ತಿರುವುದು.

ಬ್ಲೇಡುಗಳನ್ನು ಒಂದೊಂದಾಗಿ ಬದಲಿಸುವ ಉಳಿತಾಯವೂ ಬೇಡ. ಒಂದು ಹೊಸದು, ಎದುರಿಗೆ ಸವೆದ ಹಳೆಯದು ಇದ್ದರೆ ರೋಟರ್ ತೂಕ ತಪ್ಪಿ ನಡುಗುತ್ತದೆ. ಆ ನಡುಕಕ್ಕೆ ಬೋಲ್ಟ್ ಸಡಿಲಾಗುತ್ತದೆ, ಕಬ್ಬಿಣ ಬಿರುಕು ಬಿಡುತ್ತದೆ. ಬಾಗಿದ ಬ್ಲೇಡನ್ನು ಬಡಿದು ನೇರ ಮಾಡಿ, ಬಿರುಕನ್ನು ವೆಲ್ಡ್ ಮಾಡಿ ಹಾಕಿದ್ದನ್ನು ಕಂಡಿದ್ದೇನೆ. ಮುರಿದ ಬ್ಲೇಡ್ ಹಾರಿದರೆ ಅದರ ಮುಂದೆ ಜಲ್ಲಿ ಕಲ್ಲು ಏನೂ ಅಲ್ಲ.

ಬೇಸಿಗೆಯಲ್ಲಿ ಒಣ ಹುಲ್ಲು ಕತ್ತರಿಸುವಾಗ ಬ್ಲೇಡ್ ಕಲ್ಲಿಗೆ ತಾಗಿ ಕಿಡಿ ಹಾರಿ ಬೆಂಕಿ ಹತ್ತುವುದುಂಟು. ಬೆಂಕಿ ಆರಿಸುವ ಸಿಲಿಂಡರ್ ಗಾಡಿಯಲ್ಲಿ ಇರಲಿ, ಬಿಸಿಲೇರುವ ಮೊದಲೇ ಕೆಲಸ ಮುಗಿಯುವ ಹಾಗೆ ಸಮಯ ಹಾಕಿಕೊಡಿ.

ದಣಿವಿನ ಬಗ್ಗೆಯೂ ಹೇಳಬೇಕು. ಈ ಗಾಡಿ ಓಡಿಸುವವನು ಮುಂದೆ ರಸ್ತೆ ನೋಡಬೇಕು, ಪಕ್ಕಕ್ಕೆ ಹೆಡ್ ನೋಡಬೇಕು, ಹಿಂದೆ ಕನ್ನಡಿ ನೋಡಬೇಕು, ಮೇಲೆ ತಂತಿ ನೋಡಬೇಕು. ಒಂದು ಕೈ ಸ್ಟೀರಿಂಗಿನಲ್ಲಿ, ಇನ್ನೊಂದು ತೋಳಿನ ಲಿವರಿನಲ್ಲಿ. ದಿನಪೂರ್ತಿ ಕತ್ತು ಒಂದೇ ಕಡೆ ತಿರುಗಿರುತ್ತದೆ. ನಾಲ್ಕನೇ ಗಂಟೆಯ ಹೊತ್ತಿಗೆ ಕಣ್ಣು ನೋಡುತ್ತಿರುತ್ತದೆ, ತಲೆಗೆ ಹೋಗುತ್ತಿರುವುದಿಲ್ಲ. ಒಂದು ಸಲ ಹೀಗೇ ಒಂದು ತಿರುವಿನಲ್ಲಿ, ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ ಒಬ್ಬ ಹುಡುಗ ನನಗೆ ಇಪ್ಪತ್ತು ಮೀಟರ್ ಹತ್ತಿರ ಬರುವವರೆಗೂ ಕಂಡೇ ಇರಲಿಲ್ಲ. ಯಂತ್ರ ನೋಡಲು ಖುಷಿಯಿಂದ ನಿಂತಿದ್ದ. ಏನೂ ಆಗಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಊಟಕ್ಕೂ ಇಳಿಯದೆ ಓಡಿಸುತ್ತಿದ್ದೆ, ಯಾಕೆಂದರೆ ಹಿಂದಿನ ದಿನದ ಕಿಲೋಮೀಟರ್ ಬಾಕಿ ಇತ್ತು. ಆ ಹುಡುಗನ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಗಂಟೆಗೊಮ್ಮೆ ಇಳಿದು ಹದಿನೈದು ನಿಮಿಷ ಓಡಾಡಲು ಬಿಡಿ. ಸಾಧ್ಯ ಇದ್ದರೆ ಇಬ್ಬರು ಡ್ರೈವರುಗಳು ಬದಲಿಸಿಕೊಳ್ಳಲಿ.

ರಸ್ತೆಯಲ್ಲಿ ಓಡಾಡುವವರಿಗೆ ನನ್ನದು ಚಿಕ್ಕ ಕೋರಿಕೆ. ಹಳದಿ ದೀಪ ಮಿನುಗುತ್ತಾ ತೋಳು ಚಾಚಿದ ಟ್ರ್ಯಾಕ್ಟರ್ ಕಂಡರೆ, ಅಥವಾ ನಿಧಾನದ ಗಾಡಿಯ ಹಿಂದೆ ಇರುವ ಕೆಂಪು ಅಂಚಿನ ಕಿತ್ತಳೆ ತ್ರಿಕೋನ ಕಂಡರೆ, ದೂರದಲ್ಲೇ ವೇಗ ಇಳಿಸಿ. ತೋಳು ಇರುವ ಕಡೆಯಿಂದ ಯಾವತ್ತೂ ನುಗ್ಗಬೇಡಿ. ನಡೆಯುವವರು, ಸೈಕಲ್ಲಿನವರು ದೂರ ನಿಂತು ಕೈ ಎತ್ತಿ. ನಾವು ನಿಲ್ಲಿಸಿ, ಹೆಡ್ ಕೆಳಗಿಳಿಸಿ, ನಿಮಗೆ ಕೈ ಸನ್ನೆ ಮಾಡುತ್ತೇವೆ. ಆಮೇಲೆ ಬನ್ನಿ. ದಾರಿ ಪಕ್ಕ ಜಮೀನಿರುವವರು ಹಳೆ ಬೇಲಿ ತಂತಿಯನ್ನು ಹುಲ್ಲಿಗೆ ಬಿಸಾಡಬೇಡಿ, ದಯವಿಟ್ಟು. ಕಾರಿನ ಕಿಟಕಿಯಿಂದ ಬಾಟಲಿ ಎಸೆಯುವವರಿಗೂ ಇದೇ ಮಾತು. ನೀವು ಎಸೆದದ್ದು ಮೂರು ತಿಂಗಳು ಬಿಟ್ಟು ನನ್ನ ಬ್ಲೇಡಿಗೆ ಸಿಗುತ್ತದೆ, ಅಲ್ಲಿಂದ ಯಾರ ಕಡೆ ಹೋಗುತ್ತದೋ ನನ್ನ ಕೈಯಲ್ಲಿ ಇರುವುದಿಲ್ಲ.

ಅಧಿಕಾರಿಗಳೇ, ಗುತ್ತಿಗೆದಾರರೇ, ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. ಈಗ ನಾವು ದಿನಾ ತುಂಬುವ ಹಾಳೆಯಲ್ಲಿ ನಾಲ್ಕು ಕಾಲಂ ಇವೆ: ತಾರೀಖು, ಎಲ್ಲಿಂದ, ಎಲ್ಲಿಗೆ, ಒಟ್ಟು ಕಿಲೋಮೀಟರ್. ಇದಕ್ಕೆ ಇನ್ನು ಮೂರು ಸೇರಿಸಿ. ನಡೆದು ನೋಡಿದ ಹೊತ್ತು. ನಿಲ್ಲಿಸಿದ ಸಲ ಮತ್ತು ಕಾರಣ. ಹುಲ್ಲಿನಲ್ಲಿ ಸಿಕ್ಕಿದ್ದು. ಆ ಮೂರಕ್ಕೂ ಕೂಲಿ ಕೊಡಿ, ಕೆಲಸವನ್ನು ಕಿಲೋಮೀಟರಿಗೆ ಅಳೆಯುವ ಬದಲು ಗಂಟೆಗೆ ಅಳೆಯಿರಿ. ಟೆಂಡರ್ ಬರೆಯುವಾಗಲೇ ಕಾವಲು ಗಾಡಿ, ಫಲಕ, ಪಾಲಿಕಾರ್ಬೊನೇಟ್ ಕಿಟಕಿ, ಸರಪಳಿ, ಸರಿಯಾದ ತೂಕದ ಟ್ರ್ಯಾಕ್ಟರ್ ಇವನ್ನೆಲ್ಲ ಹೆಸರು ಹಿಡಿದು ಬರೆಯಿರಿ, ಅದರ ಖರ್ಚನ್ನು ಬೇರೆಯಾಗಿಯೇ ತೋರಿಸಿ. ಇಲ್ಲದಿದ್ದರೆ ಕಡಿಮೆ ಬೆಲೆಗೆ ಕೂಗುವವರು ಮೊದಲು ಕೈಬಿಡುವುದು ಇವನ್ನೇ. ಹೊಸ ಡ್ರೈವರನ್ನು ಕಳಿಸುವ ಮೊದಲು ಖಾಲಿ ಮೈದಾನದಲ್ಲಿ, ಬ್ಲೇಡ್ ತಿರುಗಿಸದೆ, ಬರೀ ತೋಳು ಆಡಿಸುವುದನ್ನು ಕೆಲವು ದಿನ ಕಲಿಸಿ. ಕೈಪಿಡಿ ಅವನಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಇರದಿದ್ದರೆ ಓದಿ ಹೇಳಲು ಒಬ್ಬರನ್ನು ಕೂರಿಸಿ.

ನನ್ನ ಜೊತೆ ಈ ವರ್ಷ ಒಬ್ಬ ಹೊಸ ಹುಡುಗ ಸೇರಿದ್ದಾನೆ. ಚುರುಕಾಗಿದ್ದಾನೆ, ಲಿವರ್ ಮೇಲೆ ಕೈ ಚೆನ್ನಾಗಿ ಕೂತಿದೆ. ಹೋದ ವಾರ ಹೆಡ್ಡಿನಲ್ಲಿ ಏನೋ ಕಟಕಟ ಅಂತು. ಅವನು ನಿಲ್ಲಿಸಿ, ಇಳಿಸಿ, ಕೀಲಿ ತೆಗೆದು, ಸದ್ದು ಪೂರ್ತಿ ನಿಲ್ಲುವವರೆಗೆ ಕಾದ. ಇಳಿದು ಬಂದು ನನ್ನ ಮುಖ ನೋಡಿ ಕೇಳಿದ: "ಅಣ್ಣಾ, ಈ ಹೊತ್ತನ್ನೂ ಕೂಲಿಯಲ್ಲಿ ಹಿಡೀತಾರಾ?"

ಅವನಿಗೆ ನಾನಿನ್ನೂ ಉತ್ತರ ಹೇಳಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇತಿ,
ಒಬ್ಬ ಬೂಮ್ ಮೋವರ್ ಡ್ರೈವರ್